ಕೈದೀಪವೂ ಆತ್ಮರಕ್ಷಣೆಯೂ



ಈ ಸಂಜೆ ನಾನು ಹೇಳಬೇಕೆಂದಿರುವುದು ಒಂದು ಅತಿ ಸಾಮಾನ್ಯವಾದ ವಸ್ತುವಿನ ವಿಚಾರ. ಪಟ್ಟಣದವರು ಅದನ್ನು ಟಾರ್ಚು ಎನ್ನುತ್ತಾರೆ. ಮಧುಗಿರಿ ತಾಲ್ಲೂಕಿನ ಪುರವರದ ಕಡೆಯ ರೈತರು ಬ್ಯಾಟರಿ ಎನ್ನುತ್ತಾರೆ. ಬರೆಹದ ಭಾಷೆಯಲ್ಲಿ ಕೈದೀಪವೆಂದರೆ ಸಾಕು. ಆತ್ಮರಕ್ಷಣೆಯ ಮಾತು ಬಂದೊಡನೆ ನಮ್ಮ ಮನಸ್ಸಿನಲ್ಲಿ ದೊಣ್ಣೆಯೋ ಕತ್ತಿಯೋ ಕೋವಿಯೋ ಮೂಡುತ್ತದೆಯೇ ಹೊರತು ದೀಪವು ಮೂಡುವುದಿಲ್ಲ. ಆದರೆ ಇರುಳಿನಲ್ಲಿ ಮನುಷ್ಯನಿಗೆ ಒದಗುವ ಕೇಡನ್ನು ಸ್ವಲ್ಪ ವಿಚಾರಿಸಿ ನೋಡಿದರೆ, ಅದರಲ್ಲಿ ಬಹುಭಾಗವು ಎದುರಾಳಿಯ ಬಲಕ್ಕಿಂತ ಹೆಚ್ಚಾಗಿ ಅವನು ಎದುರಿಗಿರುವುದು ನಮಗೆ ತಿಳಿಯದೆ ಹೋಗುವುದರಿಂದ ಉಂಟಾಗುತ್ತದೆಂಬುದು ಗೊತ್ತಾಗುತ್ತದೆ. ತಿಳಿದ ಅಪಾಯದಿಂದ ದೂರ ಸರಿಯಬಹುದು. ತಿಳಿಯದ ಅಪಾಯದ ಮೇಲೆ ಕಾಲಿಡುತ್ತೇವೆ. ಈ ಅರ್ಥದಲ್ಲಿ ಕೈದೀಪವು ಆಯುಧಗಳಿಗೆಲ್ಲ ಹಿರಿಯದೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ವೇದಾಂತಿಗಳಿಗೆ ಪ್ರಿಯವಾದ ರಜ್ಜುಸರ್ಪ ನ್ಯಾಯವನ್ನು ತಾವೆಲ್ಲರೂ ಬಲ್ಲಿರಿ. ಮಬ್ಬಿನಲ್ಲಿ ಹಗ್ಗವನ್ನು ಕಂಡು ಹಾವೆಂದು ಭ್ರಮಿಸಿದವನು, ದೀಪ ತಂದೊಡನೆ ಹಗ್ಗವೆಂದು ತಿಳಿದು ನಿರ್ಭಯನಾಗುತ್ತಾನೆ. ಪುರವರದ ಹೊಲಗಳಲ್ಲಿ ಈ ದೃಷ್ಟಾಂತವು ತಲೆಕೆಳಗಾಗಿದೆ. ಅಲ್ಲಿ ಅಡಕೆಯ ಗಿಡಗಳ ಬುಡದಲ್ಲಿ ಹನಿನೀರಾವರಿಯ ಕಪ್ಪು ಕೊಳವೆಗಳು ಉದ್ದಕ್ಕೂ ಮಲಗಿರುತ್ತವೆ. ಇರುಳಿನಲ್ಲಿ ನಡೆಯುವ ರೈತನು ಹಾವನ್ನು ಕಂಡು ಕೊಳವೆಯೆಂದು ಬಗೆದು ಹೆಜ್ಜೆಯಿಡುತ್ತಾನೆ. ಹಗ್ಗವನ್ನು ಹಾವೆಂದುಕೊಂಡವನಿಗೆ ಆಗುವುದು ಒಂದು ಗಳಿಗೆಯ ಭಯ. ಹಾವನ್ನು ಕೊಳವೆಯೆಂದುಕೊಂಡವನಿಗೆ ಆಗುವುದು ಪ್ರಾಣಹಾನಿ. ಎರಡು ಭ್ರಾಂತಿಗಳಿಗೂ ಮದ್ದು ಒಂದೇ, ಬೆಳಕು.

ಮೊದಲು ಈ ಉಪಕರಣದ ಹುಟ್ಟನ್ನು ಸಂಕ್ಷೇಪವಾಗಿ ನೋಡೋಣ. ಒಳಗಿನ ದ್ರವವು ತುಳುಕದಂತಹ ಒಣ ವಿದ್ಯುತ್ಕೋಶವು ೧೮೮೦ರ ದಶಕದ ಕೊನೆಯ ಭಾಗದಲ್ಲಿ ಬಳಕೆಗೆ ಬಂದ ಮೇಲೆ, ವಿದ್ಯುತ್ತನ್ನು ಕೈಯಲ್ಲಿ ಹಿಡಿದು ಕೊಂಡೊಯ್ಯುವುದು ಸಾಧ್ಯವಾಯಿತು. ೧೮೯೯ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿದ್ದ ಡೇವಿಡ್ ಮಿಸೆಲ್ ಎಂಬಾತನಿಗೆ, ಕೊಳವೆಯಲ್ಲಿ ಕೋಶಗಳನ್ನು ಸಾಲಾಗಿ ಜೋಡಿಸಿ ಮುಂದೆ ಬುರುಡೆಯನ್ನೂ ಹೊಳೆಯುವ ಬಟ್ಟಲನ್ನೂ ಇಟ್ಟ ಕೈದೀಪಕ್ಕೆ ಹಕ್ಕುಪತ್ರ ದೊರೆಯಿತು. ಮೊದಮೊದಲಿನ ದೀಪಗಳು ಬಹಳ ಹೊತ್ತು ಉರಿಯಲಾರದೆ ಮಿಂಚಿ ಮಿಂಚಿ ಆರಿಸಬೇಕಾಗುತ್ತಿದ್ದುದರಿಂದ ಇಂಗ್ಲಿಷಿನಲ್ಲಿ ಅದಕ್ಕೆ ಮಿಂಚುದೀಪವೆಂಬ ಅರ್ಥದ ಹೆಸರು ನಿಂತಿತು. ಅದನ್ನು ಮೊಟ್ಟಮೊದಲು ಪರೀಕ್ಷಿಸಿ ಮೆಚ್ಚಿದವರಲ್ಲಿ ಇರುಳು ಗಸ್ತು ತಿರುಗುತ್ತಿದ್ದ ನ್ಯೂಯಾರ್ಕಿನ ಪೋಲೀಸರು ಸೇರಿದ್ದರೆಂಬುದು ನಮ್ಮ ವಿಷಯಕ್ಕೆ ಸಂಬಂಧಪಟ್ಟ ಸಂಗತಿ. ನಮ್ಮ ದೇಶದಲ್ಲಿ ೧೯೩೪ರಲ್ಲಿ ಎವರೆಡಿ ಸಂಸ್ಥೆ ಏರ್ಪಟ್ಟಿತು. ೧೯೩೯ರಲ್ಲಿ ಅದರ ಕಾರ್ಖಾನೆ ಕಲ್ಕತ್ತೆಯಲ್ಲಿ ಆರಂಭವಾಯಿತು. ಆ ಬಳಿಕ ಎರಡು ಸೆಲ್ಲಿನ, ಮೂರು ಸೆಲ್ಲಿನ ಹೊಳೆಯುವ ತಗಡಿನ ಬ್ಯಾಟರಿಗಳು ಹಳ್ಳಿಹಳ್ಳಿಯನ್ನೂ ಹೊಕ್ಕುವು.

ಬ್ಯಾಟರಿ ಬರುವುದಕ್ಕೆ ಮುಂಚೆ ನಮ್ಮವರ ಕೈಯಲ್ಲಿ ಪಂಜೂ ಲಾಂದ್ರವೂ ಇದ್ದುವು. ಅವಕ್ಕೂ ಇದಕ್ಕೂ ಇರುವ ಭೇದ ಬೆಳಕಿನ ಪ್ರಮಾಣಕ್ಕಿಂತ ಬೆಳಕಿನ ದಿಕ್ಕಿನಲ್ಲಿದೆ. ಲಾಂದ್ರವು ಸುತ್ತಲೂ ಸಮನಾಗಿ ಬೆಳಗುತ್ತದೆ. ಅದನ್ನು ಹಿಡಿದವನ ಮುಖವೇ ಎಲ್ಲಕ್ಕಿಂತ ಮೊದಲು ಇತರರಿಗೆ ಕಾಣುತ್ತದೆ. ಅವನ ಕಣ್ಣಿಗೋ, ಹತ್ತಿರದ ಜ್ವಾಲೆಯ ಹೊಳಪಿನಿಂದ ಹತ್ತು ಮಾರು ಆಚೆಯದು ಕಾಣದು. ಕೈದೀಪವು ಇದಕ್ಕೆ ವಿರುದ್ಧ. ಅದು ಬೆಳಕನ್ನೆಲ್ಲ ಒಂದು ಕಡೆಗೆ ಎಸೆಯುತ್ತದೆ. ಹಿಡಿದವನು ಕತ್ತಲೆಯಲ್ಲಿಯೆ ಉಳಿಯುತ್ತಾನೆ, ಎದುರಿಗಿರುವುದು ಬೆಳಕಿಗೆ ಬರುತ್ತದೆ. ತಾನು ಕಾಣದೆ ಪರರನ್ನು ಕಾಣುವ ಈ ಅನುಕೂಲವೆ ಅದರ ರಕ್ಷಣಾಶಕ್ತಿಯ ಮೂಲ.

ಇನ್ನು ಈ ಶಕ್ತಿಗೆ ನಿತ್ಯವೂ ಕೆಲಸವಿರುವ ಸೀಮೆಯನ್ನು ಸ್ವಲ್ಪ ಪರಿಚಯಿಸುತ್ತೇನೆ. ಪುರವರವು ಮಧುಗಿರಿ ತಾಲ್ಲೂಕಿನ ಒಂದು ಹೋಬಳಿ. ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯು ಕೊರಟಗೆರೆ ಮಧುಗಿರಿಗಳ ಮೂಲಕ ಹರಿದು ಹೋಗುತ್ತದೆ. ಹರಿಯುತ್ತದೆಂಬ ಮಾತು ಒಳ್ಳೆಯ ಮಳೆಯ ವರ್ಷಗಳಿಗೆ ಮಾತ್ರ ಸಲ್ಲುತ್ತದೆ. ಮಿಕ್ಕಂತೆ ಕಡಲೆಕಾಯಿ, ರಾಗಿ, ಜೋಳ, ಅಡಕೆಗಳೆಲ್ಲ ಮಳೆಯನ್ನೋ ಕೊಳವೆ ಬಾವಿಯನ್ನೋ ನಂಬಿವೆ. ಕೊಳವೆ ಬಾವಿಯ ಮೋಟಾರಿಗೆ ತ್ರೀ ಫೇಸ್ ವಿದ್ಯುತ್ತು ಬೇಕು. ಅದು ದಿನದಲ್ಲಿ ಕೆಲವೇ ಗಂಟೆ ಬರುತ್ತದೆ, ಅದರಲ್ಲಿಯೂ ಎಷ್ಟೋ ಸಲ ಸರದಿಯು ನಡುರಾತ್ರಿಗೆ ಬೀಳುತ್ತದೆ. ಆಗ ರೈತನು ಹಾಸಿಗೆಯಿಂದೆದ್ದು, ಬ್ಯಾಟರಿಯನ್ನು ಹಿಡಿದು, ಬದುವಿನ ಮೇಲೆ ನಡೆದು ಹೋಗಿ ಸ್ಟಾರ್ಟರ್ ಪೆಟ್ಟಿಗೆಯನ್ನು ತೆರೆಯಬೇಕು. ಒಂದು ಮಡಿ ತುಂಬಿದ ಮೇಲೆ ನೀರನ್ನು ಇನ್ನೊಂದಕ್ಕೆ ತಿರುಗಿಸಬೇಕು. ಪಟ್ಟಣದಲ್ಲಿರುವ ನಾವು ಬೆಳಗ್ಗೆ ಕೊಳ್ಳುವ ತರಕಾರಿಯ ಹಿಂದೆ ಇಂತಹ ಎಷ್ಟು ಇರುಳುಗಳಿವೆಯೆಂಬುದನ್ನು ಯೋಚಿಸುವುದು ಅಪರೂಪ.

ಆ ಇರುಳಿನ ಅಪಾಯಗಳಲ್ಲಿ ಮೊದಲನೆಯದು ಹಾವು. ೨೦೦೦ದಿಂದ ೨೦೧೯ರವರೆಗಿನ ಮರಣಗಳನ್ನು ಪರಿಶೀಲಿಸಿದ ವಿದ್ವಾಂಸರು, ಭಾರತದಲ್ಲಿ ವರ್ಷಕ್ಕೆ ಸರಾಸರಿ ೫೮,೦೦೦ ಜನರು ಹಾವಿನ ಕಡಿತದಿಂದ ಸಾಯುತ್ತಾರೆಂದು ೨೦೨೦ರಲ್ಲಿ ಅಂದಾಜು ಮಾಡಿದರು. ಅದರಲ್ಲಿ ಹೆಚ್ಚಿನವರು ಹಳ್ಳಿಯವರು. ಅರ್ಧದಷ್ಟು ಮರಣಗಳು ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಯ ತಿಂಗಳುಗಳಲ್ಲಿ ನಡೆದುವು. ಕರ್ನಾಟಕ ಸರ್ಕಾರವು ೨೦೨೪ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ವ್ಯಾಧಿಗಳ ಪಟ್ಟಿಗೆ ಸೇರಿಸಿತು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕೂ ನಮ್ಮ ಬಯಲುಸೀಮೆಗೆ ಪರಿಚಿತವಾದವು. ಇವುಗಳಲ್ಲಿ ಕಟ್ಟುಹಾವು ಇರುಳಿನಲ್ಲಿಯೆ ಸಂಚರಿಸುವಂಥದು. ಕೊಳಕುಮಂಡಲವು ಅಲುಗಾಡದೆ ಬಿದ್ದಿದ್ದು ತುಳಿದವನನ್ನು ಕಚ್ಚುವಂಥದು.

ಹಾವಿನ ವಿಷಯದಲ್ಲಿ ಕೈದೀಪವನ್ನು ಬಳಸುವ ಕ್ರಮ ಸರಳವಾದದ್ದು, ಆದರೂ ಅದನ್ನು ಕ್ರಮವಾಗಿ ಪಾಲಿಸುವವರು ಕಡಮೆ. ಬೆಳಕನ್ನು ದೂರದ ಗುರಿಯ ಮೇಲೆ ಬಿಟ್ಟುಕೊಂಡು ನಡೆಯುವುದು ನಮ್ಮ ಸ್ವಭಾವ. ಬೆಳಕು ಬೀಳಬೇಕಾದುದು ಮುಂದಿನ ಎರಡು ಮೂರು ಹೆಜ್ಜೆಯ ನೆಲದ ಮೇಲೆ. ದೀಪವನ್ನು ಸೊಂಟದಿಂದ ಕೆಳಗೆ ಹಿಡಿದರೆ ಬೆಳಕು ನೆಲಕ್ಕೆ ಓರೆಯಾಗಿ ಬಿದ್ದು, ಮಲಗಿದ ವಸ್ತುವಿನ ನೆರಳು ಉದ್ದವಾಗಿ ಚಾಚುತ್ತದೆ. ಮಣ್ಣಿನ ಬಣ್ಣದ ಹಾವು ಕೂಡ ನೆರಳಿನಿಂದ ಪತ್ತೆಯಾಗುತ್ತದೆ. ಇನ್ನೊಂದು ಕೈಯಲ್ಲಿ ಕೋಲಿರಬೇಕು. ಗಾಳಿಯಲ್ಲಿ ಬರುವ ಮಾತು ಹಾವಿಗೆ ಅಷ್ಟಾಗಿ ಕೇಳಿಸದು. ನೆಲದ ಅದುರು ಮಾತ್ರ ಅದಕ್ಕೆ ಚೆನ್ನಾಗಿ ತಿಳಿಯುತ್ತದೆ. ಆದುದರಿಂದ ಕೋಲಿನ ಕುಟ್ಟು ಅದಕ್ಕೆ ಕೊಡುವ ಎಚ್ಚರಿಕೆ, ಬೆಳಕು ನಮಗೆ ಸಿಗುವ ಎಚ್ಚರಿಕೆ. ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲನ್ನು ಕೋಲಿನಿಂದ ತಟ್ಟಿ, ಒಳಗೆ ಬೆಳಕು ಬಿಟ್ಟು ನೋಡಿದ ಮೇಲೆಯೇ ಕೈಯಿಡಬೇಕು. ಇಷ್ಟಾಗಿಯೂ ಕಡಿತವಾದರೆ, ಗಾಯವನ್ನು ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಇವಾವುವೂ ಕೂಡದು. ಕಾಲನ್ನು ಅಲುಗಿಸದೆ ೧೦೮ನ್ನು ಕರೆದು, ಪ್ರತಿವಿಷವಿರುವ ಆಸ್ಪತ್ರೆಯನ್ನು ಸೇರುವುದೊಂದೇ ದಾರಿ.

ಎರಡನೆಯದು ಮೃಗಗಳು. ಮಧುಗಿರಿ, ಕೊರಟಗೆರೆ, ಪಾವಗಡಗಳ ಬಂಡೆಗುಡ್ಡಗಳು ಕರಡಿಗೂ ಚಿರತೆಗೂ ತವರು. ಮಧುಗಿರಿ ಸೀಮೆಯ ತಿಮ್ಲಾಪುರದ ಕಾಡು ಇಂದು ವನ್ಯಜೀವಿಧಾಮವಾಗಿದೆ. ಕರಡಿಗೆ ಮೂಗು ಚುರುಕು, ಕಣ್ಣು ಮಂದ. ಗೆದ್ದಲನ್ನೋ ಹಣ್ಣನ್ನೋ ತಿನ್ನುತ್ತ ಮೈಮರೆತಿರುವ ಕರಡಿಗೆ ಮನುಷ್ಯನು ಹಠಾತ್ತಾಗಿ ಹತ್ತಿರದಲ್ಲಿ ಎದುರಾದರೆ, ಅದು ಬೆದರಿಯೇ ಮೇಲೆ ಬೀಳುತ್ತದೆ. ಆದುದರಿಂದ ಇಲ್ಲಿ ದೀಪದ ಕೆಲಸ ಕರಡಿಯನ್ನು ಓಡಿಸುವುದಲ್ಲ; ಹಠಾತ್ ಭೇಟಿಯನ್ನು ತಪ್ಪಿಸುವುದು. ಬೆಳಕನ್ನು ಆಡಿಸುತ್ತ, ಗಟ್ಟಿಯಾಗಿ ಮಾತನಾಡುತ್ತ, ಒಬ್ಬರ ಬದಲು ಇಬ್ಬರು ಹೋದರೆ, ಕರಡಿಯೇ ಮೊದಲು ದಾರಿ ಬಿಡುವ ಸಂಭವ ಹೆಚ್ಚು.

ಚಿರತೆಯ ವಿಚಾರ ಇನ್ನೂ ಸೂಕ್ಷ್ಮವಾದುದು. ೨೦೧೯ರ ಕೊನೆಯಿಂದ ೨೦೨೦ರ ಆರಂಭದವರೆಗೆ ತುಮಕೂರು ಜಿಲ್ಲೆಯ ದಕ್ಷಿಣ ಭಾಗದ ಹಳ್ಳಿಗಳಲ್ಲಿ ಚಿರತೆಯ ದಾಳಿಯಿಂದ ಮುದುಕರೂ ಮಕ್ಕಳೂ ಸತ್ತುದನ್ನು ಜಿಲ್ಲೆಯವರು ಮರೆತಿಲ್ಲ. ಚಿರತೆಯ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂತಹ ಒಂದು ಪದರವಿದೆ; ನಮ್ಮ ಬೆಳಕು ಅದರ ಮೇಲೆ ಬಿದ್ದರೆ ಎರಡು ಕಿಡಿಗಳಂತೆ ಹಿಂದಿರುಗುತ್ತದೆ. ಹಸು, ನಾಯಿ, ಬೆಕ್ಕುಗಳ ಕಣ್ಣೂ ಹೀಗೆಯೇ ಹೊಳೆಯುತ್ತವೆ. ಗುರುತು ಹತ್ತದ ಕಿಡಿಗಳನ್ನು ಕಂಡಾಗ ಹತ್ತಿರ ಹೋಗಿ ನೋಡುವ ಕುತೂಹಲವನ್ನು ಬಿಡಬೇಕು. ಬೆಳಕನ್ನು ಅದರ ಮೇಲೆಯೇ ನಿಲ್ಲಿಸಿ, ಬಗ್ಗದೆ, ಬೆನ್ನು ತೋರಿಸಿ ಓಡದೆ, ಕೂಗುತ್ತ ಹಿಂದಕ್ಕೆ ಹಿಂದಕ್ಕೆ ಸರಿಯಬೇಕು. ದೀಪಕ್ಕೆ ಚಿರತೆಯು ಹೆದರಿಯೇ ತೀರುತ್ತದೆಂಬ ಭರವಸೆಯನ್ನು ಯಾರೂ ಕೊಡಲಾರರು. ಊರಿನ ಅಂಚಿನಲ್ಲಿ ಬೆಳೆದ ಚಿರತೆಗೆ ದೀಪ ಹೊಸದಲ್ಲ.

ಈ ಸಂದರ್ಭದಲ್ಲಿ ದೂರದ ಕೆನ್ಯಾ ದೇಶದ ಒಬ್ಬ ಬಾಲಕನನ್ನು ನೆನೆಯುವುದು ಉಚಿತ. ರಿಚರ್ಡ್ ತುರೆರೆ ಎಂಬ ಮಸಾಯಿ ಹುಡುಗನಿಗೆ ತಂದೆಯ ದನಗಳನ್ನು ಕಾಯುವ ಕೆಲಸ. ನೈರೋಬಿಯ ಅಭಯಾರಣ್ಯದಿಂದ ಸಿಂಹಗಳು ಬಂದು ದನಗಳನ್ನು ಕೊಲ್ಲುತ್ತಿದ್ದುವು. ಬೆಂಕಿ ಹಾಕಿದರೆ ಸಿಂಹಗಳಿಗೆ ದೊಡ್ಡಿ ಇನ್ನೂ ಚೆನ್ನಾಗಿ ಕಂಡಿತು. ಬೆದರುಗೊಂಬೆ ನಿಲ್ಲಿಸಿದರೆ ಮೊದಲ ರಾತ್ರಿ ಹೆದರಿದ ಸಿಂಹವು ಎರಡನೆಯ ರಾತ್ರಿ ಅದು ಅಲುಗದುದನ್ನು ಕಂಡು ನಿರ್ಭಯವಾಗಿ ಬಂದಿತು. ಒಂದು ರಾತ್ರಿ ಕೈದೀಪವನ್ನು ಹಿಡಿದು ದೊಡ್ಡಿಯ ಸುತ್ತ ತಿರುಗಿದಾಗ ಮಾತ್ರ ಸಿಂಹಗಳು ಬರಲಿಲ್ಲ. ಅವು ಅಂಜಿದುದು ಅಲುಗಾಡುವ ಬೆಳಕಿಗೆಂದು ಊಹಿಸಿದ ಹುಡುಗನು, ಒಂದಾದ ಮೇಲೊಂದು ಮಿನುಗುವ ದೀಪಗಳನ್ನು ದೊಡ್ಡಿಯ ಸುತ್ತ ಕಟ್ಟಿ ದನಗಳನ್ನು ಉಳಿಸಿದನು. ೨೦೧೩ರಲ್ಲಿ ಅವನು ತನ್ನ ಉಪಾಯವನ್ನು ಅಮೆರಿಕದ ಸಭೆಯೊಂದರಲ್ಲಿ ವಿವರಿಸಿದನು. ನಿಂತ ದೀಪವು ಬರಿಯ ವಸ್ತು. ಚಲಿಸುವ ದೀಪವು ಎಚ್ಚತ್ತ ಮನುಷ್ಯನ ಗುರುತು. ಕಡಲೆಕಾಯಿ ಹೊಲಕ್ಕೆ ಹಂದಿ ಬೀಳದಂತೆ ಅಟ್ಟಣೆಯ ಮೇಲೆ ಕುಳಿತು ಆಗಾಗ್ಗೆ ಬ್ಯಾಟರಿ ಬಿಡುವ ನಮ್ಮ ಕಾವಲುಗಾರನಿಗೂ ಈ ತತ್ತ್ವವು ತಿಳಿದೇ ಇದೆ.

ಮೂರನೆಯ ಅಪಾಯವೆಂದರೆ ಮನುಷ್ಯನೆ. ಮನುಷ್ಯನ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆಯಷ್ಟು ಕಾಲ ಬೇಕು. ಅಷ್ಟು ಹೊತ್ತಿನಲ್ಲಿ ಕಣ್ಣಿನೊಳಗಿನ ಒಂದು ಸೂಕ್ಷ್ಮವಾದ ವರ್ಣದ್ರವ್ಯವು ಮೆಲ್ಲಮೆಲ್ಲನೆ ಸಂಚಯವಾಗುತ್ತದೆ. ತೀಕ್ಷ್ಣವಾದ ಬೆಳಕು ಮುಖಕ್ಕೆ ಬಿದ್ದೊಡನೆ ಆ ದ್ರವ್ಯವು ಕ್ಷಣದಲ್ಲಿ ಬಿಳಿಚಿ, ಕಂಡವನಿಗೆ ಬೆಳಕಿನ ಕಲೆಯಲ್ಲದೆ ಮತ್ತೇನೂ ಕಾಣದಂತಾಗುತ್ತದೆ. ಬ್ಯಾಟರಿ ಬೆಳಕಿನಲ್ಲಿ ಮೊಲವು ಕದಲದೆ ನಿಲ್ಲುವುದನ್ನು ಹಿಂದಿನ ಬೇಟೆಗಾರರು ಬಲ್ಲರು. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನ ಬಂದ ಮೇಲೆ ಅಂತಹ ಬೇಟೆ ಅಪರಾಧವಾಗಿದೆ. ಮನುಷ್ಯನು ಮೊಲದಂತೆ ನಿಲ್ಲದಿದ್ದರೂ, ಮುಖ ತಿರುಗಿಸುತ್ತಾನೆ, ಕೈಯನ್ನು ಕಣ್ಣಿಗೆ ಅಡ್ಡ ಹಿಡಿಯುತ್ತಾನೆ, ಹೆಜ್ಜೆ ತಡೆಯುತ್ತಾನೆ. ಹೀಗೆ ನಮಗೆ ದೊರೆಯುವ ಎರಡು ಮೂರು ಕ್ಷಣಗಳೆ ಕೈದೀಪದ ವರ.

ಈ ಕ್ಷಣಗಳನ್ನು ಬಳಸುವ ಬಗೆ ಹೇಗೆ? ಕಡೆಯ ಬಸ್ಸಿನಿಂದಿಳಿದು ಮನೆಗೆ ನಡೆಯುವ ಉಪಾಧ್ಯಾಯಿನಿಯೋ ದಾದಿಯೋ ದೀಪವನ್ನು ಚೀಲದ ತಳದಲ್ಲಿ ಇಟ್ಟಿದ್ದರೆ ಅದು ಇದ್ದೂ ಇಲ್ಲದಂತೆ. ಅದು ಕೈಯಲ್ಲಿಯೆ ಇರಬೇಕು, ಹೆಬ್ಬೆಟ್ಟು ಗುಂಡಿಯ ಮೇಲಿರಬೇಕು. ಸಂದೇಹ ಬಂದಾಗ ದೀಪವನ್ನು ಎದೆಯ ನೇರಕ್ಕೆ ಹಿಡಿಯದೆ, ತೋಳನ್ನು ಪಕ್ಕಕ್ಕೆ ಚಾಚಿ ಮೇಲೆತ್ತಿ ಹಿಡಿಯುವುದು ಲೇಸು. ಕೇಡು ಬಗೆದವನು ಬೆಳಕಿರುವಲ್ಲಿಗೆ ಗುರಿಯಿಡುತ್ತಾನೆ, ನಮ್ಮ ದೇಹ ಅದರ ಬದಿಗಿರುತ್ತದೆ. ಮೊದಲು ಬೆಳಕು ಅಪರಿಚಿತನ ಕಾಲಬುಡಕ್ಕೆ ಬೀಳಲಿ, “ಯಾರಣ್ಣಾ ಅದು?” ಎಂಬ ಮಾತು ಜೊತೆಗೆ ಹೋಗಲಿ. ಹತ್ತರಲ್ಲಿ ಒಂಬತ್ತು ಸಲ ಬರುವ ಉತ್ತರ ನೆರೆಯವನದೋ, ಎಮ್ಮೆ ಹುಡುಕುತ್ತಿರುವ ದಾರಿಹೋಕನದೋ ಆಗಿರುತ್ತದೆ. ಕೆಟ್ಟ ಉದ್ದೇಶವಿದ್ದವನು ಕೂಡ, ತನ್ನನ್ನು ಕಂಡರು, ಗುರುತು ಹಿಡಿಯುವರು ಎಂದು ತಿಳಿದೊಡನೆ ಅನೇಕ ವೇಳೆ ಹಿಂಜರಿಯುತ್ತಾನೆ. ಉತ್ತರವಿಲ್ಲದೆ ಮುಂದುವರಿದು ಬಂದರೆ ಮಾತ್ರ ಬೆಳಕು ಕಣ್ಣಿಗೇರಬೇಕು. ಏರಿದ ಮೇಲೆ ನಿಂತು ನೋಡುವುದಲ್ಲ. ದೀಪವನ್ನಾರಿಸಿ, ಪಕ್ಕಕ್ಕೆ ಸರಿದು, ಜನರಿರುವ ಕಡೆಗೆ ಕೂಗುತ್ತ ಓಡುವುದು, ಆಮೇಲೆ ೧೧೨ಕ್ಕೆ ಕರೆ ಮಾಡುವುದು. ಕುಡಿದವನಿಗೂ ರೋಷಗೊಂಡವನಿಗೂ ಬೆಳಕು ಇನ್ನಷ್ಟು ಕೋಪ ಬರಿಸಬಹುದು. ಆದುದರಿಂದ ಅದನ್ನು ಓಡುವುದಕ್ಕೆ ಸಾಧನವೆಂದು ಭಾವಿಸಬೇಕು, ಪಂಥಕ್ಕೆ ಆಹ್ವಾನವೆಂದಲ್ಲ.

“ಉದ್ದವಾದ ಲೋಹದ ಟಾರ್ಚಿದ್ದರೆ ಅದರಿಂದಲೇ ಒಂದೇಟು ಹಾಕಬಹುದಲ್ಲ” ಎಂದು ಕೇಳುವವರುಂಟು. ಹಾಕಬಹುದು. ಆದರೆ ಅಲ್ಲಿಗೆ ದೀಪವು ದೊಣ್ಣೆಯಾಯಿತು. ಬೆಳಕು ಎಲ್ಲಿಯೋ ಬಿದ್ದಿತು. ನಾವು ಎದುರಾಳಿಯ ಕೈಗೆಟುಕುವಷ್ಟು ಹತ್ತಿರ ಬಂದೆವು. ಅಮೆರಿಕದ ಪೋಲೀಸರು ಬಹುಕಾಲ ಇಂತಹ ಉದ್ದನೆಯ ಲೋಹದ ದೀಪಗಳನ್ನು ಒಯ್ಯುತ್ತಿದ್ದರು. ೧೯೯೨ರಲ್ಲಿ ಡೆಟ್ರಾಯಿಟಿನಲ್ಲಿ ಮ್ಯಾಲಿಸ್ ಗ್ರೀನ್ ಎಂಬಾತನು ಪೋಲೀಸರ ಕೈದೀಪದ ಪೆಟ್ಟುಗಳಿಗೆ ಸಿಕ್ಕಿ ಸತ್ತನು. ೨೦೦೪ರಲ್ಲಿ ಲಾಸ್ ಏಂಜಲಿಸಿನ ಒಬ್ಬ ಪೋಲೀಸನು ಸಿಕ್ಕಿಬಿದ್ದವನನ್ನು ಕೈದೀಪದಿಂದ ಬಾರಿಬಾರಿಗೂ ಹೊಡೆದುದು ಚಿತ್ರದಲ್ಲಿ ಸೆರೆಯಾಗಿ ದೊಡ್ಡ ಗದ್ದಲವಾಯಿತು. ಆ ನಗರದ ಇಲಾಖೆಯು ದೀಪವನ್ನೇ ಬದಲಾಯಿಸಿ, ಹೊಡೆಯಲು ಬಾರದ, ಚಿಕ್ಕದೂ ಹಗುರವೂ ಆದ ದೀಪವನ್ನು ೨೦೦೭ರಲ್ಲಿ ಬಳಕೆಗೆ ತಂದಿತು. ತರಬೇತಾದವರ ಕೈಯಲ್ಲಿಯೆ ಹೀಗಾದರೆ, ಹೆದರಿದ ನಮ್ಮಂತಹವರ ಕೈಯಲ್ಲಿ ಏನಾಗಬಹುದೆಂಬುದನ್ನು ಊಹಿಸಿಕೊಳ್ಳಬಹುದು.

ನಮ್ಮ ಕಾನೂನೂ ಇದೇ ವಿವೇಕವನ್ನು ಬೋಧಿಸುತ್ತದೆ. ದೇಹವನ್ನೂ ಸ್ವತ್ತನ್ನೂ ಕಾಪಾಡಿಕೊಳ್ಳುವ ಹಕ್ಕನ್ನು ೧೮೬೦ರ ದಂಡಸಂಹಿತೆಯು ೯೬ರಿಂದ ೧೦೬ರವರೆಗಿನ ಪ್ರಕರಣಗಳಲ್ಲಿ ಮನ್ನಿಸಿತ್ತು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ೩೪ರಿಂದ ೪೪ರವರೆಗಿನ ಪ್ರಕರಣಗಳಲ್ಲಿದೆ. ಎರಡರಲ್ಲಿಯೂ ಒಂದು ಎಲ್ಲೆಯುಂಟು. ರಕ್ಷಣೆಗೆ ಎಷ್ಟು ಅವಶ್ಯವೋ ಅದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಕೂಡದು. ಅಧಿಕಾರಿಗಳ ನೆರವನ್ನು ಪಡೆಯಲು ಸಮಯವಿದ್ದಲ್ಲಿ ಈ ಹಕ್ಕು ಇಲ್ಲ. ಬೆಳಕು ಈ ಎಲ್ಲೆಯನ್ನು ಮೀರುವ ಸಂಭವ ಅತಿ ಕಡಮೆ. ಕಣ್ಣು ಕೋರೈಸಿದವನಿಗೆ ಸ್ವಲ್ಪ ಹೊತ್ತಿನಲ್ಲಿ ದೃಷ್ಟಿ ಮರಳುತ್ತದೆ. ನಾವು ತಪ್ಪು ತಿಳಿದಿದ್ದರೆ ಕ್ಷಮೆ ಕೇಳಿ ಜೊತೆಯಲ್ಲಿ ನಡೆಯಬಹುದು. ದೊಣ್ಣೆಯ ಏಟಿಗೆ ಇಂತಹ ತಿದ್ದುಪಡಿಯಿಲ್ಲ.

ದೀಪದ ಆಯ್ಕೆಯ ವಿಚಾರವಾಗಿ ನಾಲ್ಕು ಮಾತು. ಹಿಂದಿನ ಎರಡು ಸೆಲ್ಲಿನ ಬ್ಯಾಟರಿಯ ಬೆಳಕು ಒಂದೆರಡು ಮೊಂಬತ್ತಿಗಳಷ್ಟು ಮಾತ್ರ. ಅದು ಎದ್ದು ಕಾಣುತ್ತಿದ್ದುದು ಹೊಳೆಯುವ ಬಟ್ಟಲು ಅದನ್ನು ಒಂದೆಡೆಗೆ ಕೂಡಿಸುತ್ತಿದ್ದುದರಿಂದ. ನೀಲಿ ಬೆಳಕಿನ ಎಲ್‌ಇಡಿಯನ್ನು ಸಾಧಿಸಿದ ಜಪಾನಿನಲ್ಲಿ ಹುಟ್ಟಿದ ಮೂವರು ವಿಜ್ಞಾನಿಗಳಿಗೆ ೨೦೧೪ರಲ್ಲಿ ನೊಬೆಲ್ ಪಾರಿತೋಷಿಕ ಸಂದಿತು. ಅವರ ಶೋಧದ ಫಲವಾಗಿ ಇಂದು ಅಂಗೈಯಗಲದ ದೀಪವು ನೂರಾರು ಲ್ಯೂಮೆನ್ ಬೆಳಕನ್ನು ಕೊಡುತ್ತದೆ. ಮೊಂಬತ್ತಿಯದು ಸುಮಾರು ಹನ್ನೆರಡು ಲ್ಯೂಮೆನ್. ದೂರವಾಣಿಯಲ್ಲಿರುವ ದೀಪವು ನೆಲ ನೋಡುವುದಕ್ಕೆ ಸಾಕು, ದೂರಕ್ಕೆ ಸಾಲದು. ಅದಲ್ಲದೆ ಸಹಾಯಕ್ಕೆ ಕರೆಯಬೇಕಾದ ಸಾಧನವೂ ದೀಪವೂ ಒಂದೇ ಆಗಿದ್ದರೆ, ಒಂದು ಕೈತಪ್ಪಿದಾಗ ಎರಡೂ ಹೋಗುತ್ತವೆ. ನೀರು ಬಿದ್ದರೂ ಕೆಡದ, ಒಂದೇ ಗುಂಡಿಯಿರುವ, ಹಿಡಿತ ಜಾರದ ದೀಪ ಉತ್ತಮ. ಹಳೆಯ ಸೆಲ್ಲುಗಳನ್ನು ಒಳಗೆಯೇ ಬಿಟ್ಟರೆ ಅವು ಒಸರಿ ಉಪಕರಣವನ್ನೇ ತಿನ್ನುತ್ತವೆ. ವಾರಕ್ಕೊಮ್ಮೆ ಹೊತ್ತಿಸಿ ನೋಡುವುದನ್ನು ದೇವರ ದೀಪದಂತೆ ಒಂದು ನಿಯಮವಾಗಿ ಇಟ್ಟುಕೊಳ್ಳಬೇಕು.

ಇಷ್ಟು ಹೇಳಿದ ಮೇಲೆ ಕೊನೆಯದಾಗಿ ಒಂದು ಮಾತು. ಆತ್ಮರಕ್ಷಣೆಯ ಉಪಾಯಗಳನ್ನು ಕಲಿಸುವವನು, ಆ ಉಪಾಯ ಬೇಕಾಗುವ ಸ್ಥಿತಿಯನ್ನು ಸಹಜವೆಂದು ಒಪ್ಪಿಕೊಳ್ಳಬಾರದು. ಪುರವರದ ರೈತನು ನಡುರಾತ್ರಿಯಲ್ಲಿ ಹಾವಿನ ಬದುವಿನ ಮೇಲೆ ನಡೆಯುವುದು ಅವನ ಇಷ್ಟದಿಂದಲ್ಲ, ವಿದ್ಯುತ್ತಿನ ಸರದಿಯಿಂದ. ಅದೇ ಜಿಲ್ಲೆಯ ಪಾವಗಡದಲ್ಲಿ ೨,೦೫೦ ಮೆಗಾವಾಟ್ ಸಾಮರ್ಥ್ಯದ ಸೌರಶಕ್ತಿ ಕೇಂದ್ರವಿದೆ. ಸೂರ್ಯನು ಅಲ್ಲಿ ವಿದ್ಯುತ್ತನ್ನು ಕೊಡುವುದು ಹಗಲಿನಲ್ಲಿ. ನೀರೆತ್ತುವ ಮಾರ್ಗಗಳನ್ನು ಸೌರಶಕ್ತಿಗೆ ಜೋಡಿಸುವ ಕುಸುಮ್ ಯೋಜನೆಯೂ ೨೦೧೯ರಿಂದ ದೇಶದಲ್ಲಿದೆ. ಹಗಲಿನ ಶಕ್ತಿಯು ಹಗಲಿನಲ್ಲಿಯೆ ಬಾವಿಯನ್ನು ಮುಟ್ಟಿದರೆ, ಎಷ್ಟೋ ರೈತರು ಬ್ಯಾಟರಿಯನ್ನು ಗೋಡೆಯ ಮೊಳೆಗೆ ತಗುಲಿಸಿ ನಿದ್ರಿಸಬಹುದು. ಹಾಗೆಯೇ ಬಸ್ ನಿಲ್ದಾಣದಿಂದ ಮನೆಯವರೆಗಿನ ಬೀದಿಯಲ್ಲಿ ಒಂದು ದೀಪ ಉರಿದರೆ, ಉಪಾಧ್ಯಾಯಿನಿಯ ಚೀಲದಲ್ಲಿರುವ ದೀಪಕ್ಕೆ ಅರ್ಧ ಕೆಲಸ ತಪ್ಪುತ್ತದೆ. ಪಟ್ಟಣಗಳಲ್ಲಿ ಕುಳಿತು ಈ ವಿಚಾರಗಳನ್ನು ನಿರ್ಣಯಿಸುವವರೂ, ನಿರ್ಣಯಿಸುವವರನ್ನು ಪ್ರಶ್ನಿಸಬಲ್ಲವರೂ ಈ ಶ್ರೋತೃವರ್ಗದಲ್ಲಿಯೆ ಇರುವುದರಿಂದ ಈ ಮಾತನ್ನು ಹೇಳಿದೆನು.

ಆ ದಿನ ಬರುವವರೆಗೂ ಬಲಗೈಯಲ್ಲಿ ಕೋಲು, ಎಡಗೈಯಲ್ಲಿ ಬೆಳಕು, ಬಾಯಲ್ಲಿ “ಯಾರಣ್ಣಾ ಅದು?” ಎಂಬ ಪ್ರಶ್ನೆ ಇರಲಿ. ಹೊಡೆಯುವುದಕ್ಕೆ ಮುಂಚೆ ನೋಡುವುದು, ನೋಡಿದ ಮೇಲೆ ಸಾಧ್ಯವಿದ್ದಷ್ಟೂ ಹೊಡೆಯದಿರುವುದು, ಇದು ಕೈದೀಪದ ನೀತಿ.